ಎಣಿಕೆಯ ಚಿತ್ರ

ಅತ್ತೆಯ ಬೆನ್ನಿಗೆ ಸೋಪು ಹಚ್ಚುವಾಗ ಅವಳ ಹೆಬ್ಬೆರಳು ತನ್ನಷ್ಟಕ್ಕೆ ಎಣಿಸುತ್ತಿರುತ್ತಿತ್ತು. ಎಣಿಸು ಎಂದು ಯಾರೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಆಮೇಲೆ ಸ್ಕ್ಯಾನ್ ಕೋಣೆಯಲ್ಲಿ, ಕಂಡವರ ಮೂಳೆಗಳನ್ನೆಲ್ಲ ನೋಡಿ ನೋಡಿ ಅಂಟಿಕೊಂಡ ಚಾಳಿ ಅದು. ಕೆಲವರು ಮೆಟ್ಟಿಲು ಹತ್ತುವಾಗ ಸುಮ್ಮನೆ ಎಣಿಸುತ್ತಾರಲ್ಲ, ಹಾಗೆ. ಕತ್ತಿನ ಬುಡದಲ್ಲಿ ಎದ್ದು ನಿಲ್ಲುವ ಗಂಟು ಏಳನೆಯದು. ಅಲ್ಲಿಂದ ಎದೆಯ ಹನ್ನೆರಡು, ಸೊಂಟದ ಐದು, ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡು ಕೂತ ತಳದ ಮೂಳೆ. ಅತ್ತೆಯ ಬೆನ್ನು ನಡುವಿನಲ್ಲಿ ಕುಸಿದು ಗೂನಾಗಿದ್ದುದರಿಂದ ಅಲ್ಲಿ ಬೆರಳು ದಿನಾ ತಡವರಿಸುತ್ತಿತ್ತು. ಆ ಸೋಮವಾರ ಬೆಳಿಗ್ಗೆಯೂ ತಡವರಿಸಿತು. ಲೆಕ್ಕ ತಪ್ಪಿತು. ಹೋಗಲಿ, ಕೆಳಗಿನಿಂದಲೇ ಎಣಿಸೋಣವೆಂದು ಬೆರಳನ್ನು ಸೊಂಟದ ತಳಕ್ಕೆ ಒಯ್ದಳು. ಐದು, ನಾಲ್ಕು, ಮೂರು. ಅಲ್ಲಿಗೆ ಬೆರಳು ನಿಂತುಬಿಟ್ಟಿತು. ತಳದ ಮೇಲಿನದು ಐದನೆಯದೇ ಎಂದು ನಿನಗೆ ಹೇಳಿದವರು ಯಾರು? ಶುಕ್ರವಾರ ಸ್ಕ್ಯಾನಿಗೆ ಬಂದಿದ್ದ ಆ ಪೇಂಟರನಿಗೆ ಎಣಿಕೆಯ ಚಿತ್ರ ತೆಗೆದಿರಲೇ ಇಲ್ಲ. ಇವತ್ತು ಹನ್ನೊಂದಕ್ಕೆ ಅವನ ಆಪರೇಷನ್.

“ಯಾಕೆ ನಿಂತೆ? ಯಾವುದಾದ್ರೂ ಕಳೆದುಹೋಯ್ತಾ?” ಎಂದರು ಅತ್ತೆ, ಗೋಡೆಯ ಕಡೆ ಮುಖ ಮಾಡಿಕೊಂಡೇ.

“ನಿಮ್ಮದಲ್ಲ ಅತ್ತೆ.”

“ನನ್ನದು ಕಳೆದುಹೋದ್ರೂ ಚಿಂತೆ ಇಲ್ಲ ಬಿಡು, ಇರೋದೇ ಕುಳ್ಳಿ. ನೀರು ಹುಯ್ಯಿ, ಆರಿಹೋಗ್ತಿದೆ.”

ಅವಳು ನೀರು ಹುಯ್ದಳು. ಸೋಪಿನ ನೊರೆ ಆ ಗೂನಿನ ಎರಡು ಕಡೆಯಿಂದಲೂ ಇಳಿದು ಹೋಯಿತು. ಎಷ್ಟೋ ವರ್ಷದಿಂದ, ಒಮ್ಮೆ ಬನ್ನಿ, ನಮ್ಮ ಮೆಷಿನ್ನಿನಲ್ಲಿ ನೋಡೋಣ ಎಂದು ಕರೆದರೂ ಅತ್ತೆ ಬಂದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು, ಬಾಗಿದೆ ಅಂತ ನನಗೇ ಗೊತ್ತು, ಅದನ್ನ ನಿನ್ನ ಮೆಷಿನ್ ಬೇರೆ ಹೇಳಬೇಕಾ ಎನ್ನುತ್ತಿದ್ದರು. ಟವೆಲ್ಲು ಹೊದಿಸಿ, ಕೈಹಿಡಿದು ಕೋಣೆಗೆ ಕರೆತಂದು ಕೂರಿಸುವಷ್ಟರಲ್ಲಿ ಅವಳ ಮನಸ್ಸು ಆಗಲೇ ನಾಲ್ಕು ಸಲ ಆಸ್ಪತ್ರೆಗೆ ಹೋಗಿ ಬಂದಿತ್ತು. ಗಂಡ ಅಡುಗೆಮನೆಯಿಂದ ಟೀ ಆಯ್ತು ಎಂದು ಕೂಗಿದ. ಅವಳು ಕುಡಿಯದೆ ಹೊರಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರು ಸೀಟಿನಲ್ಲಿದ್ದ ಮುದುಕನ ಬೋಳು ಕತ್ತಿನ ಮೇಲೆ ಅದೇ ಏಳನೆಯ ಗಂಟು. ಅವಳು ಕಣ್ಣು ತಿರುಗಿಸಿದಳು. ಏನಾಗುತ್ತದೆ ಮಹಾ ಎಂದುಕೊಂಡಳು. ನೂರಕ್ಕೆ ತೊಂಬತ್ತು ಜನರಿಗೆ ಸೊಂಟದಲ್ಲಿ ಐದೇ ಮೂಳೆ. ದೇವರು ಎಲ್ಲರಿಗೂ ಒಂದೇ ಅಚ್ಚು ಇಟ್ಟುಕೊಂಡಿದ್ದಾನೆ, ಅಪರೂಪಕ್ಕೆ ಕೈತಪ್ಪಿ ಒಬ್ಬರಿಗೆ ಆರು ಇಡುತ್ತಾನೆ, ಇನ್ನೊಬ್ಬರಿಗೆ ನಾಲ್ಕು. ಆ ಒಬ್ಬರಿಗಾಗಿಯೇ ಎಣಿಕೆಯ ಚಿತ್ರ ಇರುವುದು. ಸೊಂಟದ ಸ್ಕ್ಯಾನಿನಲ್ಲಿ ಸೊಂಟ ಮಾತ್ರ ಕಾಣುತ್ತದೆ. ನಾನು ನಾಲ್ಕನೆಯವನು, ನಾನು ಐದನೆಯವನು ಎಂದು ಮೂಳೆಗಳು ಹೆಸರು ಬರೆದುಕೊಂಡು ನಿಂತಿರುವುದಿಲ್ಲ. ಅದಕ್ಕೇ ಕತ್ತಿನಿಂದ ತಳದವರೆಗೆ ಇಡೀ ಬೆನ್ನಿನದೊಂದು ಚಿತ್ರ ತೆಗೆದು, ಮೇಲಿನಿಂದ ಎಣಿಸಿಕೊಂಡು ಬರಬೇಕು. ಮಬ್ಬು ಚಿತ್ರ, ಯಾರೂ ಎರಡನೇ ಸಲ ನೋಡುವುದಿಲ್ಲ. ಒಂದೂವರೆ ನಿಮಿಷದ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ, ಊಟ ಬಿಟ್ಟರೂ ಎಣಿಕೆ ಬಿಡಬೇಡಿ ಎಂದು ಪಾಠ ಹೇಳುತ್ತಿದ್ದವಳು ಅವಳೇ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಶುಕ್ರವಾರ ನಾಲ್ಕು ಗಂಟೆಗೆ ಗ್ರೂಪ್ ಫೋಟೋ ಇತ್ತು. ಆಸ್ಪತ್ರೆಗೆ ಮೂವತ್ತು ವರ್ಷ ತುಂಬಿತೆಂದು ಮುಂಬಾಗಿಲ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ತೆಗೆಯುವುದಿತ್ತು. ಹಳೆಯ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದವಳಾದ್ದರಿಂದ ಅವಳನ್ನು ಎಲ್ಲರೂ ಫಿಲ್ಮಕ್ಕ ಎನ್ನುತ್ತಿದ್ದರು. ಫಿಲ್ಮು ಹೋಗಿ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಲಕ್ಷ ಜನರ ಚಿತ್ರ ತೆಗೆದವಳಿಗೆ ಆಸ್ಪತ್ರೆಯಲ್ಲಿ ತನ್ನದೊಂದು ಚಿತ್ರವಿರಲಿಲ್ಲ. ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಕವರಿನಲ್ಲಿ ಹಾಕಿಕೊಂಡು ಬಂದಿದ್ದಳು, ನಾಚಿಕೆಯಿಲ್ಲದೆ. ಮೂರೂವರೆಗೆ ಪೇಂಟರ್ ಬಂದ. ಉದ್ದನೆಯ ಮನುಷ್ಯ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಎಡಪಾದ ಏಳುತ್ತಿರಲಿಲ್ಲ, ನಡೆದರೆ ನೆಲಕ್ಕೆ ಪಟ್ ಪಟ್ ಎಂದು ಬಡಿಯುತ್ತಿತ್ತು. ಏಣಿ ಹತ್ತಿ ಎರಡು ತಿಂಗಳಾಯಿತು ಎಂದ. ಮೂರನೇ ಮಹಡಿಯ ಹೊರಗೋಡೆಗೆ ಹೆದರದವನು ಆ ಸ್ಕ್ಯಾನಿನ ಕೊಳವೆಯ ಬಾಯಿ ನೋಡಿ ಬೆವತುಹೋದ. ಅವಳು ಧೈರ್ಯ ಹೇಳಿದಳು, ಕೈಗೆ ಗಂಟೆಯ ಗುಂಡಿ ಕೊಟ್ಟಳು, ಹೆದರಿಕೆಯಾದರೆ ಒತ್ತಿ ಎಂದಳು. ಅವನು ಒತ್ತಲೇ ಇಲ್ಲ. ಕಣ್ಣಿನ ಅಂಚಿನಿಂದ ನೀರು ಕಿವಿಗಿಳಿಯುತ್ತಿದ್ದರೂ ಕಲ್ಲಿನ ಹಾಗೆ ಮಲಗಿದ್ದ. ಮೂರು ಐವತ್ತೆಂಟಕ್ಕೆ ಸೊಂಟದ ಚಿತ್ರಗಳು ಮುಗಿದವು. ಎಣಿಕೆಯದೊಂದು ಬಾಕಿ. ಹೊರಗೆ ಯಾರೋ, ಫಿಲ್ಮಕ್ಕಾ, ನೀವೊಬ್ಬರೇ ಬಾಕಿ ಎಂದು ಕೂಗಿದರು. ಅವಳು ಗುಂಡಿ ಒತ್ತಿ ಅವನನ್ನು ಹೊರಗೆಳೆದಳು.

“ಮುಗೀತಾ? ನಾನು ಅಲುಗಾಡಲಿಲ್ಲ ಅಲ್ವಾ?” ಎಂದು ಕೇಳಿದ್ದ ಅವನು. ಶಾಲೆಯಲ್ಲಿ ಚೆನ್ನಾಗಿ ಬರೆದೆನಾ ಎಂದು ಕೇಳುವ ಮಕ್ಕಳ ದನಿ. ಅವಳು ಚೆನ್ನಾಗಿ ಬಂತು ಎಂದು ಹೇಳಿ, ಕೋಟು ಹಾಕಿಕೊಳ್ಳುತ್ತಲೇ ಕೋಣೆಯ ರಿಜಿಸ್ಟರಿನಲ್ಲಿ ಎರಡು ಪದ ಗೀಚಿ ಓಡಿದ್ದಳು. ಆ ಎರಡು ಪದ ಈಗ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದವು. ಚಿತ್ರ ಬಿಟ್ಟರೆ ಕಾರಣ ಬರೆಯಬೇಕು, ಎಲ್ಲರೂ ಬರೆಯುವ ಕಾರಣ ಒಂದೇ: ರೋಗಿ ಸಹಕರಿಸಲಿಲ್ಲ. ಮೂರು ದಿನ ಅವಳು ಅದನ್ನು ಕರುಣೆ ಎಂದೇ ತನಗೆ ತಾನು ಹೇಳಿಕೊಂಡಿದ್ದಳು. ಪಾಪ, ಅಳುತ್ತಿದ್ದ, ಎಷ್ಟು ಹೊತ್ತೆಂದು ಇರಿಸುವುದು. ಸುಳ್ಳು. ಅವನು ಅಳುತ್ತಿದ್ದರೂ ಇರುತ್ತಿದ್ದ. ಇರಲಾರದೆ ಓಡಿದವಳು ತಾನು. ಇಷ್ಟಾಗಿ ಫೋಟೋದಲ್ಲಿ ಸಿಕ್ಕ ಜಾಗ ಯಾವುದು? ಹಿಂದಿನ ಸಾಲು, ಆಂಬುಲೆನ್ಸ್ ಡ್ರೈವರನ ಭುಜದ ಹಿಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

ಸ್ಕ್ಯಾನ್ ಕೋಣೆಯ ದೀಪ ಹಾಕದೆಯೇ ಕಂಪ್ಯೂಟರಿನ ಮುಂದೆ ಕೂತು ಶುಕ್ರವಾರದ ಚಿತ್ರಗಳನ್ನು ತೆಗೆದಳು. ಬೂದುಬಣ್ಣದ ಮೂಳೆಗಳು ಒಂದರ ಕೆಳಗೊಂದು, ನಡುವೆ ಡಿಸ್ಕುಗಳು, ಹಿಂದೆ ನೀರಿನ ಬಿಳಿ ಗೆರೆ, ಅದರೊಳಗೆ ಕೂದಲಿನಂಥ ನರಗಳು. ಒಂದು ಕಡೆ ಡಿಸ್ಕು ಹಿಂದಕ್ಕೆ ಉಬ್ಬಿ ನರವನ್ನು ಒತ್ತಿತ್ತು. ವರದಿ ಬರೆದ ಡಾಕ್ಟರಮ್ಮ ತಳದಿಂದ ಮೇಲಕ್ಕೆ ಎಣಿಸಿ, ನಾಲ್ಕು ಮತ್ತು ಐದರ ನಡುವೆ ಎಂದು ಬರೆದಿದ್ದರು. ತಪ್ಪೇನೂ ಅಲ್ಲ, ಐದೇ ಇದ್ದರೆ. ಅವಳು ಕುರ್ಚಿ ಮುಂದಕ್ಕೆಳೆದು ತಳ ನೋಡಿದಳು. ಎಲ್ಲರಲ್ಲೂ ತಳದ ಮೇಲಿನ ಮೂಳೆ ಸ್ವಲ್ಪ ಓರೆಯಾಗಿರುತ್ತದೆ. ಇವನದು ಚೌಕ, ಮೇಲಿನವುಗಳ ಹಾಗೆಯೇ. ಇದು ಹೆಚ್ಚಿನದೋ, ಅಲ್ಲವೋ? ಈ ಚಿತ್ರ ನೋಡಿ ಹೇಳಲಾಗದು. ಆಪರೇಷನ್ ಮಾಡುವ ಸರ್ಜನ್ ಕೊನೆಯ ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸುವವರು, ಅದು ಇಡೀ ಆಸ್ಪತ್ರೆಗೆ ಗೊತ್ತು. ಒಬ್ಬರು ಬೀದಿಯ ಈ ತುದಿಯಿಂದ ನಾಲ್ಕನೇ ಮನೆ ಎಂದರೆ, ಇನ್ನೊಬ್ಬರು ಆ ತುದಿಯಿಂದ ಹೊರಟಿದ್ದಾರೆ. ನಡುವೆ ಒಂದು ಮನೆ ಹೆಚ್ಚಿಗೆ ಇದ್ದರೆ ತಟ್ಟುವ ಬಾಗಿಲೇ ಬೇರೆ. ಸರಿಯಾಗಿರುವ ಡಿಸ್ಕನ್ನು ಕೊರೆದು, ಕೆಟ್ಟದ್ದನ್ನು ಅಲ್ಲೇ ಬಿಟ್ಟು ಹೊಲಿದುಬಿಡುತ್ತಾರೆ. ಅವನ ಪಾದ ಹಾಗೇ ನೆಲ ಬಡಿಯುತ್ತಿರುತ್ತದೆ.

ಡಾಕ್ಟರಮ್ಮ ರಜೆಯಲ್ಲಿದ್ದರು. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಗಂಟೆ ಹತ್ತೂಕಾಲು. ಇನ್ನು ಉಳಿದವರು ಸರ್ಜನ್. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎಕ್ಸ್‌ರೇ ಮೇಲೆ ಎಡ ಬಲ ಗುರುತಿಸಲು ಇಡುವ ಸೀಸದ ಅಕ್ಷರಗಳನ್ನು ಅವಳು ಅದಲು ಬದಲು ಮಾಡಿದ್ದಳು. ಆಗಿನ್ನೂ ಮೀಸೆ ಕಪ್ಪಗಿದ್ದ ಇದೇ ಸರ್ಜನ್ ಹತ್ತು ಜನರ ಮುಂದೆ ಅವಳನ್ನು ಕರೆದು, ಎಡಗೈ ಎತ್ತು ನೋಡೋಣ ಎಂದಿದ್ದರು. ಗಾಬರಿಯಲ್ಲಿ ಬಲಗೈ ಎತ್ತಿದ್ದಳು. ಆ ನಗು! ಈಗಲೂ ಆ ಕಾರಿಡಾರಿನಲ್ಲಿ ನಡೆಯುವಾಗ ಅವಳ ಬಲಗೈ ತಾನಾಗಿ ಕೋಟಿನ ಜೇಬಿಗೆ ಹೋಗಿ ಸೇರಿಕೊಳ್ಳುತ್ತದೆ. ಹೋಗದಿದ್ದರೆ ಏನು? ಐದೇ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆರಿದ್ದರೂ ರಿಜಿಸ್ಟರಿನಲ್ಲಿ ಕಾರಣ ಇದೆ, ಅವಳದೇ ಅಕ್ಷರ, ಅವಳದೇ ಸಹಿ. ಅವಳು ರಿಜಿಸ್ಟರ್ ತೆರೆದು ನೋಡಿದಳು. ಸಹಕರಿಸಲಿಲ್ಲ ಎಂಬ ಪದದ ಕೊನೆಯ ಅಕ್ಷರ ಉದ್ದಕ್ಕೆ ಎಳೆದುಹೋಗಿತ್ತು, ಬಾಗಿಲ ಕಡೆಗೆ ಓಡುತ್ತಾ ಬರೆದ ಹಾಗೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಆಪರೇಷನ್ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಟ್ರಾಲಿಯ ಮೇಲೆ ಪೇಂಟರ್ ಮಲಗಿದ್ದ. ಹಸಿರು ಗೌನು, ತಲೆಗೆ ಟೋಪಿ. ಉಗುರಿನ ನೀಲಿಯನ್ನು ಯಾರೋ ತಿಕ್ಕಿ ತಿಕ್ಕಿ ತೆಗೆದಿದ್ದರು. ಅವಳನ್ನು ಕಂಡು ಅವನ ಮುಖ ಅರಳಿತು. ಮೇಡಂ, ನೀವು ತೆಗೆದ ಚಿತ್ರ ತುಂಬಾ ಚೆನ್ನಾಗಿ ಬಂದಿದೆಯಂತೆ, ಡಾಕ್ಟ್ರು ಹೇಳಿದ್ರು ಎಂದ. ಬೈದಿದ್ದರೆ ಸುಲಭವಿತ್ತು. ಅಷ್ಟರಲ್ಲಿ ಸರ್ಜನ್ ಬಂದರು, ಮೀಸೆ ಪೂರ್ತಿ ಬೆಳ್ಳಗಾಗಿ, ಅವರೂ ಕೊಂಚ ಬಾಗಿ. ಏನು ಎಂಬಂತೆ ಹುಬ್ಬೇರಿಸಿದರು. ರೋಗಿಯ ಎದುರು ಬೇಡ, ಪಕ್ಕಕ್ಕೆ ಕರೆದು ಹೇಳೋಣ ಎಂದುಕೊಂಡಳು. ಪಕ್ಕಕ್ಕೆ ಹೋದರೆ ಬಾಯಿಗೆ ಬರುವುದು ಆ ಎರಡು ಪದವೇ ಎಂಬುದೂ ಅವಳಿಗೆ ಗೊತ್ತಿತ್ತು. ಅಲ್ಲೇ ನಿಂತಳು.

“ಸರ್, ಇವರಿಗೆ ಎಣಿಕೆ ಚಿತ್ರ ತೆಗೆದಿಲ್ಲ. ಸೊಂಟದ್ದು ಆರು ಇರಬಹುದು ಅಂತ ಅನುಮಾನ.”

“ಯಾಕೆ ತೆಗೀಲಿಲ್ಲ?”

“ಫೋಟೋ ಇತ್ತಲ್ಲ ಸರ್, ನಾಲ್ಕಕ್ಕೆ. ಅದಕ್ಕೆ ಹೋಗೋ ಅವಸರದಲ್ಲಿ ಬಿಟ್ಟೆ. ರೋಗಿ ಸಹಕರಿಸಲಿಲ್ಲ ಅಂತ ಬರೆದಿದ್ದೀನಿ, ಅದು ಸುಳ್ಳು. ಇವರು ಒಂದು ಕೂದಲಷ್ಟೂ ಅಲುಗಾಡಲಿಲ್ಲ.”

ಹೇಳಿಬಿಟ್ಟಳು. ಟ್ರಾಲಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಈಗ ಆ ಹಳೆಯ ಕಥೆ ಬರುತ್ತದೆ, ಎಡಗೈ ಎತ್ತು ಎನ್ನುತ್ತಾರೆ ಎಂದು ಕಾದಳು. ಸರ್ಜನ್ ಅವಳ ಮುಖವನ್ನೇ ನೋಡಿದರು, ಕೋಪದಿಂದ ಮೂಗಿನ ಹೊಳ್ಳೆ ಅರಳಿತ್ತು, ಆದರೆ ಆ ಕಣ್ಣುಗಳಲ್ಲಿ ಹಳೆಯದೇನೂ ಇರಲಿಲ್ಲ. ಅವರಿಗೆ ನೆನಪೇ ಇರಲಿಲ್ಲ. ಇಪ್ಪತ್ತಾರು ವರ್ಷ ಇವಳು ಹೊತ್ತು ತಿರುಗಿದ ಆ ನಗು ಅವರ ಬಳಿ ಎಲ್ಲೂ ಇರಲಿಲ್ಲ.

“ಎಷ್ಟು ಹೊತ್ತು ಬೇಕು?” ಎಂದರು ಸರ್ಜನ್.

ಹೋಗಿ ಬರೋದು ಸೇರಿ ಹದಿನೈದು ನಿಮಿಷ ಎಂದಳು. ನಾನೂ ಬರ್ತೀನಿ, ನಡಿ ಎಂದರು ಅವರು. ನಾಳೆ ನಾಡಿದ್ದರಲ್ಲಿ ಕಾರಣ ಕೇಳಿ ಕಾಗದ ಬರುತ್ತೆ, ಉತ್ತರ ಇಟ್ಟುಕೊಂಡಿರು ಎಂದೂ ಸೇರಿಸಿದರು. ಬರಲಿ ಸರ್ ಎಂದಳು. ಅಷ್ಟು ಸಲೀಸಾಗಿ ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ.

ಟ್ರಾಲಿ ತಳ್ಳಿಕೊಂಡು ಹೋಗುವಾಗ ಪೇಂಟರ್ ಮೇಲಿನ ಛಾವಣಿ ನೋಡುತ್ತಿದ್ದ. ಅವನ ಕಸುಬಿನವರ ಕಣ್ಣು, ಎಲ್ಲಿ ಬಣ್ಣ ಎದ್ದಿದೆ ಎಂದು ನೋಡುತ್ತಿದ್ದನೋ ಏನೋ. ಲಿಫ್ಟಿನಲ್ಲಿ ಅವಳೇ ಬಾಯಿ ಬಿಟ್ಟಳು. ಮತ್ತೆ ಆ ಕೊಳವೆಯೊಳಗೆ ಹೋಗಬೇಕು, ನನ್ನಿಂದ ನಿಮಗೆ ಎರಡು ಸಲ ಹಿಂಸೆ, ಅದರ ಮೇಲೆ ನಿಮ್ಮ ಮೇಲೇ ತಪ್ಪು ಹೊರಿಸಿ ಬರೆದೆ ಎಂದಳು. ಕ್ಷಮಿಸಿ ಎಂದೂ ಸೇರಿಸಿದಳು. ಅವನು ಕತ್ತು ಹೊರಳಿಸಿ ಅವಳನ್ನು ನೋಡಿದ. ಸ್ವಲ್ಪ ಹೊತ್ತು ಕಹಿ ಔಷಧಿ ಕುಡಿದವನ ಮುಖ ಮಾಡಿದ. ಆಮೇಲೆ ಹೇಳಿದ:

“ಮೊದಲು ಪ್ರೈಮರ್ ಹೊಡೀದೆ ಬಣ್ಣ ಬಳಿದು ಬಂದ ಮನೆಗಳು ನನ್ನ ಲೆಕ್ಕದಲ್ಲೂ ಇದಾವೆ ಮೇಡಂ. ವರ್ಷದೊಳಗೆ ಗೋಡೆ ಮೇಲೆ ಹಪ್ಪಳ ಎದ್ದಿರುತ್ತೆ. ವಾಪಸ್ ಹೋಗಿ ಬಾಗಿಲು ತಟ್ಟಿ ನಾನೇ ಬಿಟ್ಟಿದ್ದು ಅಂತ ಹೇಳೋಕೆ ನನಗೆ ಒಂದು ದಿನವೂ ಆಗಲಿಲ್ಲ.”

ಕೊಳವೆಯ ಬಾಯಲ್ಲಿ ಅವನು ಮತ್ತೆ ಬೆವತ. ಗಂಟೆಯ ಗುಂಡಿ ಬೇಡ, ನೀವು ಮಾತಾಡ್ತಾ ಇರಿ ಸಾಕು ಎಂದ. ಅವಳು ಗಾಜಿನ ಈಚೆ ಬಂದು ಮೈಕು ಹಾಕಿಕೊಂಡಳು. ಸರ್ಜನ್ ಬೆನ್ನ ಹಿಂದೆ ನಿಂತಿದ್ದರು. ಯಂತ್ರ ಟಕಟಕ ಬಡಿಯತೊಡಗಿತು. ಏನು ಮಾತಾಡುವುದು? ಬಾಯಿಗೆ ಬಂದದ್ದು ಅತ್ತೆಯ ಸುದ್ದಿ. ನಮ್ಮತ್ತೆ ಬೆನ್ನು ಎಣಿಸುವಾಗ ನಿಮ್ಮದು ನೆನಪಾಯಿತು ಎಂದಳು, ಅವರು ಯಾವುದಾದ್ರೂ ಕಳೆದುಹೋಯ್ತಾ ಅಂತ ಕೇಳಿದರು ಎಂದಳು. ಸ್ಪೀಕರಿನಲ್ಲಿ ಒಂದು ಸಣ್ಣ ನಗು ಕೇಳಿಸಿತು. ಅಲುಗಾಡಬೇಡಿ ಎಂದು ಗದರಿದಳು. ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿತು. ತಲೆಬುರುಡೆಯ ಬುಡದಿಂದ ತಳದವರೆಗೆ, ಕತ್ತಿನಲ್ಲಿ ಕೊಂಚ ಮುಂದಕ್ಕೆ, ಎದೆಯಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಳುಕಿ ಇಳಿದ ಬೆನ್ನು. ದಿನಕ್ಕೆ ಹತ್ತು ನೋಡುತ್ತಿದ್ದಳು, ಇಷ್ಟು ದಿನ ಅದನ್ನು ಚೆಂದವೆಂದು ಅಂದುಕೊಂಡಿರಲಿಲ್ಲ. ಹಲ್ಲಿನಂತೆ ಮೇಲೆ ಚಾಚಿರುವ ಎರಡನೆಯ ಮೂಳೆಯ ಮೇಲೆ ಬೆರಳಿಟ್ಟು ಎಣಿಸಿದಳು. ಮೈಕು ತೆರೆದೇ ಇತ್ತು. ಎರಡು, ಮೂರು, ನಾಲ್ಕು. ಏಳಕ್ಕೆ ಕತ್ತು ಮುಗಿಯಿತು. ಹತ್ತೊಂಬತ್ತಕ್ಕೆ ಎದೆ ಮುಗಿಯಿತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಬೆರಳು ತಳ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಕೆಳಗೆ ಇನ್ನೊಂದು ಚೌಕ ಮೂಳೆ ಏನೂ ಆಗದವರ ಹಾಗೆ ಕೂತಿತ್ತು.

“ಇನ್ನೊಂದು ಸಲ,” ಎಂದರು ಸರ್ಜನ್. ಅವಳು ಇನ್ನೊಂದು ಸಲ ಎಣಿಸಿದಳು. ಮೂರನೇ ಸಲ ಅವರೇ ಪೆನ್ನಿನ ತುದಿ ಹಿಡಿದು, ತುಟಿ ಅಲುಗಿಸುತ್ತಾ, ಒಂದನೇ ಕ್ಲಾಸಿನ ಹುಡುಗರ ಹಾಗೆ ಎಣಿಸಿದರು. ಇಪ್ಪತ್ತೈದೇ. ಪೆನ್ನು ಒಂದು ಡಿಸ್ಕಿನ ಮೇಲೆ ಬಂದು ನಿಂತಿತು. ಅದು ಉಬ್ಬಿದ್ದಲ್ಲ, ಅದರ ಮೇಲಿನದು, ಸರಿಯಾಗಿದ್ದದ್ದು. ನಾನು ಇದನ್ನ ತೆಗೀತಿದ್ದೆ ಎಂದರು, ಅವಳಿಗಲ್ಲ, ಯಾರಿಗೂ ಅಲ್ಲ. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದರು. ಆ ರಿಜಿಸ್ಟರ್ ತಿದ್ದು, ಆಮೇಲೆ ಸೀಸದ ಕೋಟು ಹಾಕಿಕೊಂಡು ಮೇಲೆ ಬಾ, ಒಳಗೆ ಎಕ್ಸ್‌ರೇ ಹಾಕಿದಾಗಲೂ ನನ್ನ ಜೊತೆ ನೀನು ಎಣಿಸಬೇಕು ಎಂದರು. ಅವಳು ಸಹಕರಿಸಲಿಲ್ಲ ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬಿಡಿಯಾಗಿ, ನಿಧಾನವಾಗಿ ಬರೆದಳು: ರೋಗಿ ಪೂರ್ತಿ ಸಹಕರಿಸಿದರು. ಚಿತ್ರ ಬಿಟ್ಟದ್ದು ನಾನು.

ಸಂಜೆ ಮನೆಗೆ ಬಂದಾಗ ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಬೆಳಿಗ್ಗೆ ಹಾಗೆ ಓಡಿದೆಯಲ್ಲ, ಸಿಕ್ತಾ ಎಂದು ಕೇಳಿದರು. ಒಂದು ಜಾಸ್ತಿನೇ ಸಿಕ್ತು ಅತ್ತೆ ಎಂದಳು. ಅತ್ತೆಗೆ ಏನರ್ಥವಾಯಿತೋ, ಜಾಸ್ತಿ ಇದ್ರೆ ನನಗೊಂದು ತಂದುಕೊಡು ಎಂದರು. ಅವಳು ಅಡುಗೆಮನೆಗೆ ಹೋಗಿ ಬೆಳಿಗ್ಗೆ ಬಿಟ್ಟುಹೋದ ಟೀಯನ್ನು ಬಿಸಿಮಾಡಿ ಕುಡಿದಳು.

ಕಾರಣ ಕೇಳಿ ಕಾಗದ ಬುಧವಾರ ಬಂತು. ಅದೇ ದಿನ ಗ್ರೂಪ್ ಫೋಟೋವೂ ಎಲ್ಲರ ಫೋನಿಗೆ ಬಂತು. ಕಾಗದಕ್ಕೆ ನಾಲ್ಕು ಸಾಲು ಉತ್ತರ ಬರೆದು ಕೊಟ್ಟು, ಊಟದ ಹೊತ್ತಿಗೆ ವಾರ್ಡಿಗೆ ಹೋದಳು. ಪೇಂಟರ್ ಒರಗಿ ಕೂತಿದ್ದ. ಹೊದಿಕೆಯ ಹೊರಗೆ ಎರಡು ಪಾದ. ಎಡಗಡೆಯದು ಇನ್ನೂ ಜೋಲು ಬಿದ್ದಂತೆಯೇ ಇತ್ತು. ಅವನು ಅದನ್ನು ಬಿಟ್ಟು ಫೋಟೋ ಬಂತಾ, ತೋರಿಸಿ, ನನ್ನ ಬೆನ್ನು ಬಿಟ್ಟು ಹೋದ ಫೋಟೋ ನೋಡೋಣ ಎಂದ. ಫೋನು ಕೊಟ್ಟಳು. ಅವನು ಹತ್ತಿರ ಹಿಡಿದು, ದೂರ ಹಿಡಿದು ಹುಡುಕಿದ. ಎಲ್ಲಿದೀರಿ? ಅವಳು ಹಿಂದಿನ ಸಾಲಿನಲ್ಲಿ ಡ್ರೈವರನ ಅಗಲವಾದ ಭುಜದ ಮೇಲೆ ಬೆರಳಿಟ್ಟಳು. ಅದರ ಹಿಂದಿನಿಂದ ಒಂದು ಕಿವಿ, ಇಸ್ತ್ರಿ ಮಾಡಿದ ಬಿಳಿ ಕಾಲರಿನ ಒಂದು ಚೂರು ಕಾಣುತ್ತಿತ್ತು. ಇಷ್ಟಕ್ಕೇನಾ ಎಂದ ಅವನು. ಇಷ್ಟಕ್ಕೇ ಎಂದಳು. ಅವನಿಗೆ ನಗು ಉಕ್ಕಿತು, ಹೊಲಿಗೆ ಹಿಡಿದು ಅಯ್ಯೋ ನಗಿಸಬೇಡಿ ಎಂದ, ನಕ್ಕ. ಅವಳೂ ನಕ್ಕಳು, ಆ ಆಸ್ಪತ್ರೆಯಲ್ಲಿ ತನ್ನ ಮೇಲೆ ತಾನು ನಕ್ಕದ್ದು ಅದೇ ಮೊದಲು.

ನಗು ನಿಂತ ಮೇಲೆ ಅವನು ಫೋನು ವಾಪಸು ಕೊಟ್ಟು, “ಬೆಳಿಗ್ಗೆಯಿಂದ ಯಾರಿಗೂ ತೋರಿಸಿಲ್ಲ. ನೀವು ನೋಡಿ ಹೇಳಿ. ನನ್ನ ಭ್ರಮೆನೂ ಇರಬಹುದು,” ಎಂದ.

ಅವನು ತುಟಿ ಕಚ್ಚಿ ಎಡಪಾದದ ಕಡೆ ನೋಡಿದ. ಅವಳು ಮಂಚದ ಕಾಲ ಬಳಿ ಬಗ್ಗಿ, ಕಣ್ಣು ಹೆಬ್ಬೆರಳಿನ ಮಟ್ಟಕ್ಕೆ ಬರುವಂತೆ ಕೂತಳು. ಏನೂ ಆಗಲಿಲ್ಲ. ಪಕ್ಕದ ಮಂಚದವರ ಚಮಚದ ಸದ್ದು ಕೇಳಿಸುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿತು. ಆಮೇಲೆ ಆ ಹೆಬ್ಬೆರಳು ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತು, ನಿಂತಿತು, ಇಳಿಯಿತು.

“ಬಂತಾ?” ಎಂದ.

“ಇನ್ನೊಂದು ಸಲ,” ಎಂದಳು ಅವಳು. ಅದು ಇನ್ನೊಂದು ಸಲ ಎದ್ದಿತು. ಅವಳು ಒಂದು, ಎರಡು ಎಂದು ಎಣಿಸತೊಡಗಿದಳು.